ಬೀಗ ಒಡದಿತ್ತು

ಗುರಮಿಟ್ಕಲ್ ಹೈಸ್ಕೂಲಿನಾಗ ಮೌಲಾಲಿ ಸರ್
ಬೋರ್ಡಿನ ಮ್ಯಾಲ ಒಬ್ಬ ರೋಗಿನ್ನ ಮಲಗಿಸಿದ್ರು.
ಡಾಕ್ಟರ್ ಬರೋದ್ರಾಗ ಅವ ಸತ್ತಿದ್ದ.
ಎಂಟನೇತ್ತಾದಾಗ ಸತ್ತ, ಒಂಬತ್ತನೇತ್ತಾದಾಗ ಸತ್ತ,
ಹತ್ತನೇತ್ತಾ ಪರೀಕ್ಷಾದಾಗ ಎರಡು ಮಾರ್ಕ್ಸಿಗಿ ಸತ್ತ.
ಅದೇ ಸೀಮೆಸುಣ್ಣ, ಅದೇ ಹ್ಯಾಡ್.

ನದಾಫರ ರುಕಿಯಾ ಕೈ ಎತ್ತಿದಳು:
ಸರ್, ಡಾಕ್ಟರನ್ನ ಮೊದಲ ಕಳಸೋಣೇನ್ರಿ?
ಕಳಸ್ರೀ, ಅಂದ್ರು. ವಾಕ್ಯ ಮಗ್ಗಲಾ ಬದಲಿಸಿದ್ವಿ.
ರೋಗಿ ಸಾಯೋದ್ರಾಗ ಡಾಕ್ಟರ್ ಬಂದಿದ್ದ.
ಬಂದಿದ್ದ, ಖರೇ.
ಸತ್ತವ ಮಾತ್ರ ಆ ಕಡಿಂದ ಈ ಕಡಿಗಿ ಹೊರಳಿ ಸತ್ತಿದ್ದ.
ಸರ್ ಕೈಯಾನ ಧೂಳಾ ಝಾಡಿಸಿ ಅಂದ್ರು:
ವ್ಯಾಕರಣ ಯಾರನ್ನೂ ಉಳಸಂಗಿಲ್ಲವ್ವ,
ಯಾವ್ದು ಮೊದ್ಲ, ಯಾವ್ದು ಆಮ್ಯಾಲ, ಅಷ್ಟ ಹೇಳತದ.

ಈಗ ನಾ ಯಾದಗಿರಿ ಕೋರ್ಟಿನಾಗ
ಸಾಕ್ಷಿ ಹೇಳಿಕಿ ಟೈಪ್ ಮಾಡತೀನಿ.
ಬಾಯಿ ಕನ್ನಡದ್ದಿರತದ, ಒಮ್ಮೊಮ್ಮೆ ತೆಲುಗಿಂದು;
ಸಾಹೇಬ್ರ ಬಾಯಿಗಿ ಬಂದು ಇಂಗ್ಲಿಷ್ ಆಗತದ,
ನನ್ನ ಬೆರಳಿಗಿ ಬಂದು ಕಾಗದ.

ಅವತ್ತು ಹತ್ತಿಕುಣಿ ಸಾಲಿ ಕೇಸ್.
ಬಿಸಿಯೂಟದ ಖೋಲಿಯಾನ ಮೂರು ಚೀಲ ತೊಗರಿಬ್ಯಾಳಿ ಹೋಗಿತ್ತು.
ಆರೋಪಿ ಶರಬಣ್ಣ, ಹತ್ತೊಂಬತ್ತು ವರ್ಷ,
ಒಡದ ಬೀಗ ಕೈಯಾಗ ಹಿಡಕೊಂಡು ನಿಂತಾಗ ಸಿಕ್ಕವ.
ಕಟಕಟಿಯಾಗ ಅಡಗಿ ಮಾಡೋ ಸಾಬಮ್ಮ,
ಸೆರಗಿಗಿ ಒಗ್ಗರಣಿ ವಾಸನಿ.

ಶರಬ್ಯಾ ಬರೋದ್ರಾಗ ಬೀಗ ಒಡದಿತ್ತರೀ, ಅಂದಳು.

ಒಡದಿತ್ತೋ, ಒಡದನೋ? ಸರ್ಕಾರಿ ವಕೀಲರು.

ಒಡದಿತ್ತು. ನಸಿಕಿನ್ಯಾಗ ಒಲಿ ಹಚ್ಚಲಾಕ ಹೋದೆ,
ಬಾಗಲಾ ಅರ್ಧ ತೆರದಿತ್ತು, ಒಳಗ ಬೆಕ್ಕಿತ್ತು.
ಅವ ಇನ್ನಾ ಬಂದಿದ್ದಿಲ್ಲ.

ಸಾಹೇಬ್ರು ಮುಂದಿನ ಫೈಲ್ ತಿರುವುತ್ತ ಹೇಳಿದ್ರು:
ವೆನ್ ಹಿ ಕೇಮ್, ದ ಲಾಕ್ ವಾಸ್ ಬ್ರೋಕನ್.

ಬೆರಳು ನಿಂತ್ವು.
ಆ ವಾಸಿನಾಗ ಹುಡುಗನ ಕೈಯೂ ಹಿಡಸತದ,
ಕೈಯಾಗ ಒಂದು ಕಲ್ಲೂ ಹಿಡಸತದ.
ಬಂದ, ಒಡೀತು. ಎರಡಕ್ಕೂ ಒಂದೇ ಗಳಗಿ.

ಇಪ್ಪತ್ತೆರಡು ವರ್ಷದ ನೌಕರಿಯಾಗ
ಬಾಯಿ ತೆರದವಳಲ್ಲ ನಾ.
ಸರ್, ಹ್ಯಾಡ್ ಬೀನ್ ಹಾಕಲೇನ್ರಿ?
ಫ್ಯಾನ್ ತಿರುಗೋದು ಕೇಳಸ್ತು.
ಚಸ್ಮಾ ಇಳಿಸಿ ನೋಡಿದ್ರು.
ಹಾಕ್ರಿ.

ಏಳು ಅಕ್ಷರ, ನಡುವ ಒಂದು ಖಾಲಿ ಜಾಗಾ.
ಆ ಖಾಲಿ ಜಾಗಾದಾಗ ಶರಬಣ್ಣ
ಅರ್ಧ ತಾಸು ತಡಾ ಮಾಡಿ ಬಂದ.

ಇಂಗ್ಲಿಷಿನವ್ರಿಗಿ ಆಗಿಹೋದದ್ದೂ ಸ್ವಂತ ಆಸ್ತಿ ಏನೋ,
ಹ್ಯಾಡ್ ಅಂತ ಮುಷ್ಟಿಯಾಗ ಹಿಡೀತಾರ.
ನಮಗ ಇತ್ತು. ಒಡದು, ಇತ್ತು.
ಯಾರ ಮುಷ್ಟಿಯಾಗೂ ಅಲ್ಲ, ಹೊಸ್ತಿಲದಾಗ,
ನೋಡವ್ರು ಬರೋತನಕ ಸುಮ್ನ ಬಿದ್ದು ಇತ್ತು.
ರುಕಿಯಾ ಇದ್ದಿದ್ರ ಟೂಟ್ಯಾ ಥಾ ಅಂತಿದ್ದಳು.
ಆಕಿ ಥಾ ನಮ್ಮ ಇತ್ತಿನ ಓಣಿಯಾಗೇ ಬಾಡಿಗಿಗಿರತದ.

ಹೇಳಿಕಿ ಓದಿ, ಕನ್ನಡದಾಗ ತಿಳಿಸಿ ಹೇಳಿದೆ.
ಅವ ಬರೋದ್ರಾಗ ಬೀಗ ಒಡದಿತ್ತು.
ಇಷ್ಟ? ಅಂದಳು ಸಾಬಮ್ಮ.
ಇದ ಅಲ್ಲೇನ್ ನಾ ಮೊದಲ ಹೇಳಿದ್ದು?
ಇಷ್ಟೊತ್ತು ಏನ್ ಕುಟ್ಟಿದಿ ತಂಗಿ?

ಹೆಬ್ಬಟ್ಟು ಒತ್ತಿದಳು. ಮಸಿ ಒರಸಲಾಕ
ನನ್ನ ಹಾಳಾದ ಕಾಗದಾನೇ ಕೊಟ್ಟೆ,
ವಾಸ್ ಇದ್ದದ್ದು.

ತೀರ್ಪಿಗಿ ಇನ್ನಾ ನಾಕು ತಾರೀಖು.
ಒಡದವರು ಯಾರು ಅಂತ ಯಾವ ವಾಕ್ಯದಾಗೂ ಇಲ್ಲ,
ಬೆಕ್ಕಿನ ಮಾತು ಯಾರೂ ಬರಸಲೇ ಇಲ್ಲ.

ಹುಡುಗಗ ಹೇಳಿ ಎರಡು ಚಾ ತರಸಿದೆ.
ಚಾ ಬರೋದ್ರಾಗ
ಆಕಿ ಹತ್ತಿಕುಣಿ ಬಸ್ಸಿಗಿ ಹೋಗಿದ್ದಳು.